ಆಕಳ ಕವಾಟ, ಸಣ್ಣ ಕೌದಿ

ಹೋದ ತಿಂಗಳು ಸಂಭಾಜಿನಗರದ ಆಸ್ಪತ್ರೆಯಲ್ಲಿ ಹೃದಯದ ಎಕೋ ಪರೀಕ್ಷೆಗೆ ಸರದಿ ಕಾಯುತ್ತ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಮಾಲೇಗಾಂವ್ ಕಡೆಯ ಒಬ್ಬ ಹುಡುಗಿ. ಹೊಸದಾಗಿ ಮದುವೆಯಾದವಳು, ಕೈತುಂಬ ಹಸಿರು ಬಳೆ. ನನ್ನ ಕುಪ್ಪಸದ ಕೊರಳಿನಲ್ಲಿ ಗಾಯದ ತುದಿ ಇಣುಕುವುದನ್ನು ಕಂಡಿರಬೇಕು. ಮೆಲ್ಲಗೆ ನನ್ನ ಕಡೆ ವಾಲಿ ಕೇಳಿದಳು: "ತಾಈ, ತುಮಚಾ ವಾಲ್ವ್ ಕಿತೀ ವರ್ಷ ಟಿಕಲಾ?" ಅಕ್ಕಾ, ನಿಮ್ಮ ವಾಲ್ವ್ ಎಷ್ಟು ವರ್ಷ ಬಾಳಿಕೆ ಬಂತು ಎಂದು.

ಅವಳಿಗೆ ಮುಂದಿನ ವಾರ ಆಪರೇಶನ್ ಅಂತೆ. ಆಕಳದ್ದು ಹಾಕಿಸುವುದೋ ಲೋಹದ್ದೋ ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲವಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ತಿರುಗಿ ಹೊರಗೆ ಬಂದಾಗ ಕುರ್ಚಿ ಖಾಲಿಯಾಗಿತ್ತು. "ಎಂಟು ವರ್ಷ" ಎಂದು ಹೇಳಿ ಮುಗಿಸಬಹುದಾದ ಮಾತು, ಹೇಳಲಾಗಲಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಎಂಟು ವರ್ಷ ಎನ್ನುವುದು ಅವಳು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಉತ್ತರ ಸ್ವಲ್ಪ ಉದ್ದವಿದೆ, ಇಲ್ಲಿ ಬರೆಯುತ್ತೇನೆ.

ನಾನು ಶೈಲಾ. ಗದಗಿನ ಕಡೆಯವಳು. ಮದುವೆಯಾಗಿ ನಾಶಿಕಕ್ಕೆ ಬಂದೆ. ನಮ್ಮವರೂ ನಮ್ಮ ಕಡೆಯವರೇ, ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ, ಮೂರೇ ಮಂದಿ. ಅತ್ತೆ ಬಾಯಿಯಲ್ಲಿ ಜೋರು, ಕೈಯಲ್ಲಿ ಧಾರಾಳ. ಬೆಳಗ್ಗೆ ಬೈದರೆ ಮಧ್ಯಾಹ್ನ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಲೆಕ್ಕ ಸರಿ ಮಾಡುವವರು. ಅವರಿಗಿದ್ದದ್ದು ಒಂದೇ ಕೊರಗು. "ಮನ್ಯಾಗ ಒಂದ್ ಸಪ್ಪಳಿಲ್ಲ" ಎನ್ನುತ್ತಿದ್ದರು. ಮಕ್ಕಳಿಲ್ಲ ಎಂಬ ಮಾತನ್ನು ಅವರು ಬಾಯಿಬಿಟ್ಟು ಆಡಿದವರಲ್ಲ. ಟಿವಿ ಹಚ್ಚಿಟ್ಟೇ ಇರುತ್ತಿದ್ದರು, ನೋಡುತ್ತಿರಲಿಲ್ಲ.

ಮದುವೆಯಾದ ಮಾರನೇ ವರ್ಷ ಪಾಂಡವಲೇಣಿ ಗುಹೆಗಳನ್ನು ನೋಡಲು ಬೆಟ್ಟ ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಉಸಿರು ಕೈಗೆ ಸಿಗುತ್ತಿಲ್ಲ. ನಮ್ಮವರು ನಕ್ಕರು: "ಏನ ಶೈಲಾ, ಘಾಟ್ ಹತ್ತೋ ಹಳೇ ಲಾರಿ ಆದೀಯಲ್ಲ?" ನಾನೂ ನಕ್ಕೆ, ಆದರೆ ನಗುವುದಕ್ಕೂ ಉಸಿರು ಬೇಕು. ವಯಸ್ಸಾದವರು, ಎತ್ತರದ ಚಪ್ಪಲಿ ಹಾಕಿಕೊಂಡು ತಡವರಿಸುವ ಹುಡುಗಿಯರು, ಎಲ್ಲರೂ ನನ್ನನ್ನು ದಾಟಿ ಹೋದರು. ಅಂದು ಗುಹೆ ನೋಡಲಿಲ್ಲ.

ಡಾಕ್ಟರು ಎದೆಯ ಮೇಲೆ ಸ್ಟೆತೋಸ್ಕೋಪ್ ಇಟ್ಟರು. ಇಟ್ಟದ್ದನ್ನು ಎತ್ತಲೇ ಇಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಬೆನ್ನಿಗೆ ಸರಿಸುತ್ತಾ ಹೋದರು. ಆಮೇಲೆ ಸಣ್ಣವಳಿದ್ದಾಗ ಕೀಲುನೋವು, ಜ್ವರ ಬಂದಿತ್ತಾ ಎಂದು ಕೇಳಿದರು. ಬಂದಿತ್ತು. ಎರಡೂ ಮೊಣಕಾಲು ಊದಿ, ಅವ್ವ ಬೇವಿನಸೊಪ್ಪು ಬಿಸಿ ಮಾಡಿ ಕಟ್ಟಿದ್ದಳು. ಜ್ವರ ಬಿಟ್ಟಿತು, ನೋವು ಹೋಯಿತು, ನಾವೆಲ್ಲ ಮರೆತೆವು. ಹೃದಯ ಮಾತ್ರ ಮರೆತಿರಲಿಲ್ಲ. ಅದರ ಒಂದು ಕವಾಟ ಅಂದಿನಿಂದಲೇ ಬಿಗಿಯುತ್ತಾ ಬಂದಿತ್ತಂತೆ.

ನಮ್ಮವರ ಅಕ್ಕ ಇರುವುದು ಸಂಭಾಜಿನಗರದಲ್ಲಿ. ಅತ್ತೆ ಈಗಲೂ ಔರಂಗಾಬಾದ್ ಎಂದೇ ಕರೆಯುವುದು. ಅಲ್ಲಿ ಒಳ್ಳೆಯ ಸರ್ಜನ್ ಇದ್ದಾರೆ, ಉಳಿದುಕೊಳ್ಳಲು ಮನೆಯೂ ಇದೆ ಎಂದು ಅಲ್ಲಿಗೇ ಹೋಗುವುದೆಂದಾಯಿತು. ಲಾಸಲಗಾಂವ್ ದಾಟುವವರೆಗೂ ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳು ದಾರಿ ಬಿಡುವುದಿಲ್ಲ. ಗಾಡಿಯೊಳಗೆಲ್ಲ ಈರುಳ್ಳಿ ವಾಸನೆ. ನಮ್ಮವರು ಕಣ್ಣೊರೆಸಿಕೊಳ್ಳುತ್ತಿದ್ದರು. ಈರುಳ್ಳಿಯದ್ದೇ ಇರಬೇಕು ಎಂದು ನಾನೂ ಸುಮ್ಮನಿದ್ದೆ.

ಸರ್ಜನ್ ಮರಾಠಿಯವರು, ಕಡಿಮೆ ಮಾತಿನವರು. ಎರಡು ದಾರಿಗಳಿವೆ ಎಂದರು. ಲೋಹದ ಕವಾಟ ಬಾಳಿಕೆ ಬರುತ್ತದೆ, ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ಜೀವ ಇರುವ ತನಕ ಮಾತ್ರೆ ನುಂಗಬೇಕು. ಆ ಮಾತ್ರೆಯ ಜೊತೆಗೆ ಬಸಿರು ಎಂದರೆ ತಾಯಿಗೂ ಗಂಡಾಂತರ, ಕೂಸಿಗೂ ಗಂಡಾಂತರ. ಇನ್ನೊಂದು ಆಕಳ ಹೃದಯದ ಮೇಲಿನ ಪೊರೆಯಿಂದ ಮಾಡಿದ್ದು. ಅದಕ್ಕೆ ಆ ಮಾತ್ರೆಯ ಕಾಟ ಬಹಳ ದಿನ ಇರುವುದಿಲ್ಲ. ಆದರೆ ಸವೆಯುತ್ತದೆ. ವಯಸ್ಸಾದವರಲ್ಲಿ ನಿಧಾನಕ್ಕೆ, ಎಳೆಯರಲ್ಲಿ ಬೇಗ. "ಎಷ್ಟು ಬೇಗ?" ಎಂದು ನಮ್ಮವರು ಕೇಳಿದರು. ಸರ್ಜನ್ ಅಂಗೈ ಮೇಲೆ ಮಾಡಿ ತೋರಿಸಿದರು. ಯಾರಿಗೂ ಗೊತ್ತಿಲ್ಲ ಎಂಬುದನ್ನು ಅಷ್ಟು ಪ್ರಾಮಾಣಿಕವಾಗಿ ಹೇಳಿದ ಡಾಕ್ಟರನ್ನು ನಾನು ಆಮೇಲೆ ನೋಡಿಲ್ಲ.

ನಮ್ಮವರು ಹೊರಗೆ ಬಂದು ಚಹದ ಗಾಡಿಯ ಹತ್ತಿರ ನಿಂತು ತಮ್ಮ ಕಾರ್ಖಾನೆಯ ಭಾಷೆಯಲ್ಲಿ ಲೆಕ್ಕ ಹಾಕತೊಡಗಿದರು. ಅವರ ವಿಮಾನಗಳಲ್ಲಿ ಎರಡು ಬಗೆಯ ಭಾಗಗಳಿರುತ್ತವಂತೆ. ಕೆಲವಕ್ಕೆ ಆಯುಸ್ಸು ಮೊದಲೇ ಬರೆದಿರುತ್ತದೆ. ಇಷ್ಟು ತಾಸು ಹಾರಿತು ಎಂದರೆ ಮುಗಿಯಿತು, ಹೊಸದರ ಹಾಗೆ ಹೊಳೆಯುತ್ತಿದ್ದರೂ ಬಿಚ್ಚಿ ತೆಗೆಯಬೇಕು. ಇನ್ನು ಕೆಲವಕ್ಕೆ ಹಾಗೆ ಬರೆದಿರುವುದಿಲ್ಲ. ಆಗಾಗ ತೆರೆದು ನೋಡುತ್ತಿರಬೇಕು, ಚೆನ್ನಾಗಿರುವ ತನಕ ಹಾರಿಸಬೇಕು.

"ಇದು ಎರಡನೇ ನಮೂನಿ, ಶೈಲಾ," ಎಂದರು. "ನನಗ ಮೊದಲನೇದ್ದs ಪಾಡು. ಯಾವಾಗ ಬಿಚ್ಚಬೇಕಂತ ಗೊತ್ತಿರತೈತಿ. ಇದರಾಗ ಬರೇ ನೋಡಕೋಂತ ಕುಂದರಬೇಕು."

"ಮನಶಾರೆಲ್ಲಾ ಎರಡನೇ ನಮೂನಿನ ಅಲ್ಲೇನ್ರಿ?" ಎಂದೆ. ಅವರು ಚಹದ ಕಪ್ಪನ್ನು ಅಲ್ಲೇ ಇಟ್ಟು ಬೇರೆ ಕಡೆ ನೋಡಿದರು.

ನಾನು ಆಕಳದ್ದನ್ನೇ ಆರಿಸಿಕೊಂಡೆ. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ನನ್ನ ಹೆದರಿಕೆಯಿದ್ದದ್ದು ಅತ್ತೆಯ ಬಗ್ಗೆ. ಈರುಳ್ಳಿ ಹೆಚ್ಚಿದ ಈಳಿಗೆಯನ್ನೂ ತೊಳೆದು ದೇವರ ಮುಂದಿನ ಹಣ್ಣು ಹೆಚ್ಚುವವರು. ಆಕಳ ಪೊರೆ ಎಂದರೆ ಏನನ್ನುತ್ತಾರೋ! ನಮ್ಮವರ ಅಕ್ಕನ ಅಡುಗೆಮನೆಯಲ್ಲಿ ನಾನೇ ಹೇಳಿದೆ. ಅತ್ತೆ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದರು.

"ಆಕಳದ್ದಾ?"

"ಹೌದರಿ, ಅತ್ತಿ."

ಬೆರಳಿಗೆ ಅಂಟಿದ ಹಿಟ್ಟನ್ನು ಬಿಡಿಸಿಕೊಂಡರು. ಆಮೇಲೆ, "ಸಣ್ಣಾಕಿದ್ದಾಗಿಂದ ಅದರ ಹಾಲ್ ಕುಡದs ಬೆಳದೀವಿ. ಅದಕ್ಕ ಮೈಲಿಗಿ ಹಚ್ಚಾಕ ನಾ ಯಾರು?" ಎಂದು ಮತ್ತೆ ಹಿಟ್ಟಿಗೆ ಕೈ ಹಾಕಿದರು. ಆದರೆ ಅಂದಿನಿಂದ ಸಾಯುವ ತನಕ ಎಂದು ಒಂದು ಹರಕೆ ಹೊತ್ತರು. ಮೊದಲ ರೊಟ್ಟಿ ಆಕಳಿಗೆ. ನಮ್ಮ ಓಣಿಯಲ್ಲಿ ಬೀಡಾಡಿ ಆಕಳುಗಳು ನಮ್ಮ ಬಾಗಿಲಿಗೆ ಬಂದು ಅಧಿಕಾರಿಗಳ ಹಾಗೆ ನಿಲ್ಲುವುದು ಹಾಗೆ ಶುರುವಾಯಿತು.

ಆಪರೇಶನ್ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಎಚ್ಚರವಾದಾಗ ಗಂಟಲಲ್ಲಿ ನಳಿಕೆ, ಎದೆಯ ಮೇಲೆ ಯಾರೋ ಬೀಸುಕಲ್ಲು ಇಟ್ಟ ಭಾರ. ಕೇರಳದ ನರ್ಸೊಬ್ಬಳು ನನ್ನ ಹಣೆಯ ಕೂದಲು ಸರಿಸಿ ಜಡೆ ಹೆಣೆದು ಕೊಟ್ಟಳು. ಯಾರೂ ಕೇಳಿರಲಿಲ್ಲ, ಅವಳ ಕೆಲಸವೂ ಅದಲ್ಲ. ಅಲ್ಲಿನ ಅಷ್ಟೂ ದಿನಗಳಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಆ ಜಡೆ.

ಆ ವರ್ಷ ದೀಪಾವಳಿಗೆ ಮೊದಲು ಬರುವ ವಸುಬಾರಸದ ದಿನ ಪಕ್ಕದ ಮನೆಯ ಮಂದಾಕಾಕು ನನ್ನನ್ನು ಕರೆಯಲು ಬಂದರು. ಇಲ್ಲಿ ಅಂದು ಹೆಂಗಸರು ಕರುವಿರುವ ಆಕಳನ್ನು ಪೂಜಿಸುತ್ತಾರೆ. ಮಕ್ಕಳು ಚೆನ್ನಾಗಿರಲಿ ಎಂದು ತಾಯಂದಿರು ಹಿಡಿಯುವ ವ್ರತ. ಹಾಲು, ಮೊಸರು, ತುಪ್ಪ ಅಂದು ಮುಟ್ಟುವುದಿಲ್ಲ. ಅವು ಕರುವಿನ ಪಾಲು. ಅಲ್ಲಿಯವರೆಗೆ ನನ್ನನ್ನು ಯಾರೂ ಕರೆದಿರಲಿಲ್ಲ, ಕರೆಯುವ ಕಾರಣವೂ ಇರಲಿಲ್ಲ. ಕೊಟ್ಟಿಗೆಯ ಹತ್ತಿರ ನಿಂತಿದ್ದ ಒಬ್ಬಾಕೆ ನನ್ನನ್ನು ನೋಡಿ ಏನೋ ಗೊಣಗಿದಳು. ಮಂದಾಕಾಕು ಆರತಿ ತಟ್ಟೆಯನ್ನು ಸೀದಾ ನನ್ನ ಕೈಗಿಟ್ಟು, "ಹಿಚ್ಯಾ ಕಾಳಜಾತ್ ಗಾಯ್ ಆಹೇ," ಎಂದರು. ಇವಳ ಎದೆಯಲ್ಲೇ ಆಕಳಿದೆ. ಇನ್ಯಾರಿಗಿದೆ ಇವಳಿಗಿಂತ ಮೊದಲ ಹಕ್ಕು?

ಅಂದು ಆ ಆಕಳ ಹಣೆಗೆ ಕುಂಕುಮ ಹಚ್ಚುವಾಗ ಅದು ನನ್ನ ಕೈಯನ್ನು ನೆಕ್ಕಿತು. ನಾಲಿಗೆ ಒರಟು. ಕರು ತಾಯಿಯ ಕೆಚ್ಚಲಿಗೆ ತಲೆಯಿಂದ ಗುದ್ದುತ್ತಿತ್ತು. ನನಗೆ ಅಳು ಬಂತು. ಅದು ದುಃಖದ ಅಳು ಅಲ್ಲ, ಆಸೆಯದ್ದು. ಆಸೆಯ ಅಳುವೇ ಹೆಚ್ಚು ಅಪಾಯದ್ದು ಎಂದು ಈಗ ಅನ್ನಿಸುತ್ತದೆ.

ಡಾಕ್ಟರು ಹೇಳಿದಷ್ಟು ಕಾಲ ಕಾದೆವು. ಆಮೇಲೂ ಕಾದೆವು. ಒಂದು ಸಲ ಬಸಿರು ನಿಂತಿತು. ಮೂರನೇ ತಿಂಗಳು ತುಂಬುವ ಮೊದಲೇ ಹೋಯಿತು. ಹೃದಯದ್ದೇನೂ ಕಾರಣವಲ್ಲ, ಹೀಗೆ ಎಷ್ಟೋ ಜನರಿಗೆ ಆಗುತ್ತದೆ ಎಂದು ಸಮಾಧಾನ ಹೇಳಿದರು. ಎಷ್ಟೋ ಜನರಿಗೆ ಆಗುತ್ತದೆ ಎಂಬ ಮಾತಿನಿಂದ ಯಾರಿಗೆ ಸಮಾಧಾನವಾಗುತ್ತದೋ ನಾನರಿಯೆ. ನನಗಾಗಲಿಲ್ಲ. ಮರುದಿನ ನಮ್ಮವರು ಕಾರ್ಖಾನೆಗೆ ಹೋಗದೆ ಮನೆಯ ಎಲ್ಲ ನಲ್ಲಿಗಳ ವಾಷರ್ ಬದಲಾಯಿಸಿದರು. ಒಂದೂ ಸೋರುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಸಂಭಾಜಿನಗರಕ್ಕೆ ಹೋಗಿ ಎಕೋ ಮಾಡಿಸುತ್ತಿದ್ದೆವು. ಕತ್ತಲೆ ಕೋಣೆ, ಎದೆಗೆ ತಣ್ಣನೆಯ ಅಂಟು, ಪರದೆಯ ಮೇಲೆ ಮೂರು ಎಸಳುಗಳು ತೆರೆದು ಮುಚ್ಚುವುದು. ಅದನ್ನು ನೋಡುವುದೆಂದರೆ ನನಗೆ ಒಂಥರಾ ಪ್ರೀತಿ. ಯಾವುದೋ ಆಕಳಿನದು, ಎಲ್ಲಿ ಮೇಯುತ್ತಿತ್ತೋ, ಈಗ ನನ್ನೊಳಗೆ ದುಡಿಯುತ್ತಿದೆ. ಏಳನೇ ವರ್ಷ ಪರೀಕ್ಷೆ ಮಾಡುವವರು ಪರದೆಯನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಎಸಳುಗಳು ತುಸು ದಪ್ಪಗಾಗಿವೆ, ಆತುರವಿಲ್ಲ, ನೋಡೋಣ ಎಂದರು. ಬರುವಾಗ ನಮ್ಮವರು ಎರಡು ಸಲ ಗಾಡಿ ನಿಲ್ಲಿಸಿ ಟಯರಿನ ಗಾಳಿ ನೋಡಿದರು.

ಅದರ ಮುಂದಿನ ವರ್ಷ ಏನಾಯಿತೆಂದು ಹೇಳುವುದು ಕಷ್ಟ. ನಗುವ ವಿಷಯವೂ ಹೌದು, ಅಲ್ಲವೂ ಹೌದು.

ನನಗೆ ಊಟ ಸೇರದಾಯಿತು. ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಮುಟ್ಟು ಮುಂದಕ್ಕೆ ಹೋಯಿತು. ಸಂಜೆಯಾದರೆ ಪಾದಗಳು ಊದಿ ಚಪ್ಪಲಿ ಬಿಗಿಯಾಗುತ್ತಿತ್ತು. ಕೂತಲ್ಲೇ ತೂಕಡಿಕೆ. ಅತ್ತೆ ಇದನ್ನೆಲ್ಲ ನೋಡಿದರು. ಮಾರನೇ ದಿನದಿಂದ ಬೆಳಗ್ಗೆ ಕೇಸರಿ ಹಾಕಿದ ಹಾಲು, ಸಂಜೆ ಇನ್ನೊಂದು ಲೋಟ ಬಂತು. ಭಾರ ಎತ್ತಗೊಡಲಿಲ್ಲ. ಟಿವಿಯ ಸದ್ದು ಕಡಿಮೆ ಮಾಡಿದರು. ನನ್ನ ಮುಖವೂ ಏನನ್ನೋ ಒಪ್ಪಿಕೊಂಡುಬಿಟ್ಟಿತ್ತು ಎಂದು ಕಾಣುತ್ತದೆ. ಮನೆಯಲ್ಲಿ ಮಾಡಿಕೊಂಡ ಬಸಿರಿನ ಪರೀಕ್ಷೆಯಲ್ಲಿ ಒಂದೇ ಗೆರೆ ಬಂತು, ಇಲ್ಲ ಎಂದರ್ಥ. "ಆ ಕಡ್ಡಿಗೆ ಏನ್ ತಿಳೀತೈತಿ? ಒಮ್ಮೊಮ್ಮೆ ತಡಾ ಮಾಡಿ ತೋರಸ್ತಾವು," ಎಂದರು ಅತ್ತೆ. ನಾನೂ ಹೌದೆಂದುಕೊಂಡೆ. ಬೇಕಾದವರಿಗೆ ಕಡ್ಡಿಯ ಮಾತಿಗಿಂತ ಅತ್ತೆಯ ಮಾತೇ ರುಚಿ.

ಒಂದು ಮಧ್ಯಾಹ್ನ ತೂಕಡಿಕೆಯಿಂದ ಎಚ್ಚರವಾದಾಗ ಅತ್ತೆ ಕಿಟಕಿಯ ಬೆಳಕಿನಲ್ಲಿ ಕೂತು ಹೊಲಿಯುತ್ತಿದ್ದರು. ನಮ್ಮ ಕಡೆ ಹಳೇ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಇವರು ಹೊಲಿಯುತ್ತಿದ್ದದ್ದು ತೀರಾ ಸಣ್ಣದು, ದಿಂಬಿನ ಮೇಲಿನ ಟವೆಲ್‌ನಷ್ಟು. ಅದರಲ್ಲಿ ನನ್ನ ಹಸಿರು ಇಳಕಲ್ ಸೀರೆಯ ಸೆರಗಿತ್ತು, ಅತ್ತೆಯ ಧಾರೆಸೀರೆಯ ಕೆಂಪಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಊರನ್ನೆಲ್ಲ ಹಾಸ್ಯ ಮಾಡುವ ಹೆಂಗಸು! ಅದಕ್ಕೇ ಇರಬೇಕು, ಒಂದು ಮೂಲೆಯನ್ನು ಹೊಲಿಯದೆ ಬಿಟ್ಟಿದ್ದರು. ಪೂರ್ತಿ ಮುಗಿಸದಿದ್ದರೆ ದೃಷ್ಟಿ ತಾಗದು ಎಂಬ ಅವರದೇ ಒಂದು ಶಾಸ್ತ್ರ. ನಾನು ಕಣ್ಣು ಮುಚ್ಚಿಕೊಂಡು ಮಲಗಿದವಳಂತೆ ನಟಿಸಿದೆ. ಆ ಮಧ್ಯಾಹ್ನದ ಸುಖವನ್ನು ಮಾತ್ರ ನನ್ನಿಂದ ಯಾರೂ ಕಸಿಯಲಾರರು.

ಕಂಡುಹಿಡಿದದ್ದು ನಮ್ಮವರು. ಅಂಗಾತ ಮಲಗಿದರೆ ನನಗೆ ಉಸಿರು ಸಿಗದೆ ಎರಡು ದಿಂಬು, ಆಮೇಲೆ ಮೂರು ದಿಂಬು ಇಟ್ಟುಕೊಳ್ಳುತ್ತಿದ್ದೆ. ರವಿವಾರ ಬೆಳಗ್ಗೆ ಅವರು ನನ್ನ ಎದೆಗೆ ಕಿವಿ ಇಟ್ಟರು. ಎಂಜಿನ್‌ಗೆ ಕಿವಿ ಕೊಡುವ ಹಾಗೆ, ಕಣ್ಣು ಮುಚ್ಚಿ.

"ಸಪ್ಪಳ ಬ್ಯಾರೆ ಆಗೈತಿ," ಎಂದರು.

"ಎರಡು ಜೀವ ಅಂದಮ್ಯಾಲೆ..." ಎಂದು ಅತ್ತೆ ಬಾಗಿಲಲ್ಲಿ ನಿಂತು ಶುರುಮಾಡಿದರು.

"ಅವ್ವಾ, ಇದು ಬಸರಲ್ಲ." ಅವರು ಅಷ್ಟು ಜೋರಾಗಿ ತಾಯಿಯ ಮುಂದೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ದನಿ ಇಳಿಸಿ, ನನಗಷ್ಟೇ ಕೇಳುವ ಹಾಗೆ ಅಂದರು: "ಬಿಚ್ಚೂ ಹೊತ್ತು ಬಂತು, ಶೈಲಾ."

ಅಂದೇ ಹೊರಟೆವು. ಅವೇ ಈರುಳ್ಳಿ ಟ್ರ್ಯಾಕ್ಟರುಗಳು, ದಾರಿಯಲ್ಲಿ ಬರುವ ಅದೇ ಯೇವಲಾ, ಅದೇ ವೈಜಾಪುರ. ಈ ಸಲ ಎಕೋ ಪರದೆ ನೋಡುವುದು ಬೇಡ ಎಂದುಕೊಂಡೆ, ಆದರೂ ನೋಡಿದೆ. ಎಸಳುಗಳಂತೆ ತೆರೆಯುತ್ತಿದ್ದಂಥವು ಈಗ ಒಣಗಿದ ಹಪ್ಪಳದಂತೆ ಗಟ್ಟಿಯಾಗಿ ಅಲುಗುತ್ತಿದ್ದವು. ಒಂದು ಹರಿದಿತ್ತು. ಕವಾಟದ ಮೇಲೆ ಕ್ಯಾಲ್ಶಿಯಂ ಕೂತಿದೆ, ಕಲ್ಲಾಗಿದೆ ಎಂದರು ಸರ್ಜನ್. ಕಾಲಿನ ಊತ, ವಾಕರಿಕೆ, ಸುಸ್ತು ಎಲ್ಲಕ್ಕೂ ಅದೇ ಕಾರಣವಂತೆ. ಹೊಟ್ಟೆಯ ಸ್ಕ್ಯಾನನ್ನೂ ಮಾಡಿಸಿದರು. ಒಳಗೆ ಯಾರೂ ಇರಲಿಲ್ಲ.

ಕ್ಯಾಲ್ಶಿಯಂ ಎಂದರೇನು ಎಂದು ಅತ್ತೆ ಮಗಳನ್ನು ಕೇಳಿದರು. ಅವಳು ಯೋಚಿಸದೆ, "ಹಾಲಿನ್ಯಾಗ ಇರತೈತಲ್ಲವ್ವ, ಅದು," ಎಂದುಬಿಟ್ಟಳು.

ಆ ಹೊತ್ತಿನಿಂದ ಅತ್ತೆ ಚಹಕ್ಕೆ ಹಾಲು ಹಾಕಗೊಡಲಿಲ್ಲ. ಮಗಳ ಮನೆಯ ಮೊಸರಿನ ಗಡಿಗೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದರು. ಎಲೆಯಡಿಕೆಗೆ ಹಚ್ಚುವ ಸುಣ್ಣದ ಡಬ್ಬಿಯನ್ನೂ ಎಸೆದರು. ಎರಡು ದಿನ ಯಾಕೆಂದು ನಮಗೆ ತಿಳಿಯಲಿಲ್ಲ. ಮೂರನೇ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ಕೂತವರು ಒಡೆದುಹೋದರು: "ನಾನ ಹಾಲ್ ಕುಡಿಸಿ ಕುಡಿಸಿ ನಿನ್ನ ಎದಿ ಕಲ್ಲ ಮಾಡಿದ್ನೆವಾ. ದಿನಕ್ಕ ಎರಡೆರಡ ಲೋಟ. ನೀ ಬ್ಯಾಡ ಅಂದ್ರೂ ಬಿಡಲಿಲ್ಲ ನಾ."

ಸರ್ಜನ್ ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂದರು. ನಮ್ಮವರು ವಿಷಯ ಹೇಳಿದಾಗ ಅವರು ನಗಲಿಲ್ಲ. ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತರು. ತಿನ್ನುವುದಕ್ಕೂ ಕುಡಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ನೀವು ಹಾಲು ಕೊಡದಿದ್ದರೂ ಹೀಗೇ ಆಗುತ್ತಿತ್ತು, ವಯಸ್ಸು ಸಣ್ಣದಿದ್ದರೆ ಈ ಕವಾಟ ಬೇಗ ಗಟ್ಟಿಯಾಗುತ್ತದೆ ಎಂದು ಮೂರು ಸಲ ನಿಧಾನವಾಗಿ ಹೇಳಿದರು. ಅತ್ತೆ ತಲೆಯಾಡಿಸಿದರು. ನಂಬಿದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಆ ವಸುಬಾರಸದ ಹೆಂಗಸರು ಒಂದು ದಿನ ಬಿಡುವ ಹಾಲನ್ನು ಅವರು ಇಂದಿಗೂ ಬಾಯಿಗಿಟ್ಟಿಲ್ಲ.

ಮತ್ತೆ ಅದೇ ಪ್ರಶ್ನೆ ಎದುರಿಗೆ ಬಂತು. ಆಕಳದ್ದೋ, ಲೋಹದ್ದೋ. ಎದೆ ತೆರೆಯದೆ ನಾಳದ ಮೂಲಕ ಹೊಸದನ್ನು ಹಳೆಯದರೊಳಗೆ ಕೂರಿಸುವ ವಿಧಾನವೂ ಇದೆಯಂತೆ. ನನ್ನ ಕವಾಟದ ಅಳತೆ ಸಣ್ಣದು, ಅದರೊಳಗೆ ಇನ್ನೊಂದು ಕೂರಿಸಿದರೆ ದಾರಿ ಮತ್ತೂ ಇಕ್ಕಟ್ಟಾಗುತ್ತದೆ ಎಂದು ಅದನ್ನು ಬಿಟ್ಟರು. ಎದೆ ಮತ್ತೆ ತೆರೆಯಲೇಬೇಕು. ಈ ಸಲ ಒಳಗೆಲ್ಲ ಅಂಟಿಕೊಂಡಿರುತ್ತದೆ, ಬಿಡಿಸಿಕೊಂಡು ಹೋಗಬೇಕು, ಅಪಾಯ ಮೊದಲಿಗಿಂತ ಹೆಚ್ಚು. ಮತ್ತೆ ಆಕಳದ್ದೇ ಹಾಕಿದರೆ ಮೂರನೇ ಸಲವೂ ಬರುವುದು ಖಂಡಿತ.

ಬಿಸಿತುಪ್ಪ ಎಂದರೆ ಇದೇ, ನುಂಗಲೂ ಆಗದು ಉಗುಳಲೂ ಆಗದು. ನಾನು ಆಕಳದ್ದೇ ಇರಲಿ ಎಂದೆ. ಇನ್ನೂ ನಾಲ್ಕಾರು ವರ್ಷ ಸಿಗುತ್ತದೆ, ಅಷ್ಟರಲ್ಲಿ ಏನಾದರೂ ಆಗಬಹುದು ಎಂಬ ಹುಚ್ಚು ಲೆಕ್ಕ. ನಮ್ಮವರಿಗೆ ಏನು ಬೇಕಾಗಿತ್ತೆಂದು ಅವರ ಕೈ ಹೇಳುತ್ತಿತ್ತು. ನನ್ನ ಮಣಿಕಟ್ಟನ್ನು ಬಿಡದೆ ಹಿಡಿದುಕೊಂಡಿದ್ದರು. ಆದರೆ ನಿನಗೆ ಮಗು ಬೇಡ ಎಂದು ಹೆಂಡತಿಗೆ ಹೇಳುವ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ.

ಅತ್ತೆಗೆ ಮರಾಠಿ ಸರಿಯಾಗಿ ಬಾರದು. ತರಕಾರಿಯವಳೊಂದಿಗೆ ಜಗಳವಾಡುವಷ್ಟು ಬರುತ್ತದೆ. ಅಲ್ಲಿಯವರೆಗೆ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದವರು ಎದ್ದು ನಿಂತರು.

"ಸಾಹೇಬ, ಲೋಖಂಡಾಚಾ ಘಾಲಾ," ಎಂದರು. ಲೋಹದ್ದು ಹಾಕಿ. "ಆಮಾಲಾ ಸೂನ್ ಪಾಹಿಜೆ." ನಮಗೆ ಸೊಸೆ ಬೇಕು.

ನಾನು, "ಅತ್ತಿ, ನೀವs ಹಿಂಗಂದ್ರ..." ಎಂದೆ.

"ನಾನs ಅನ್ನಬೇಕು," ಎಂದರು. "ಅಂವ ಅನ್ನಂಗಿಲ್ಲ, ನೀ ಅನ್ನಂಗಿಲ್ಲ. ನಾ ಅಂದ್ರ ನಾಳೆ ಯಾರೂ ಯಾರಿಗೂ ಬೈಯಾಕ ಬರಂಗಿಲ್ಲ." ಹೇಳಿ ಮುಗಿಸಿ, ಕೋಣೆಯಿಂದ ಹೊರಗೆ ಹೋದರು. ಬಾಗಿಲ ಗಾಜಿನಾಚೆ ಅವರು ಗೋಡೆಗೆ ಮುಖ ಮಾಡಿ ನಿಂತದ್ದು ನನಗೆ ಕಾಣುತ್ತಿತ್ತು. ಸರ್ಜನ್ ನನ್ನನ್ನು ನೋಡಿದರು. ನಾನು ಹೂಂ ಎಂದೆ.

ಎರಡನೇ ಆಪರೇಶನ್ ಮೊದಲಿನದರ ಹಾಗಿರಲಿಲ್ಲ. ಬಹಳ ರಕ್ತ ಹೋಯಿತು, ಬಹಳ ದಿನ ಒಳಗಿದ್ದೆ. ಹೊರಗಿನ ಬೆಂಚಿನ ಮೇಲೆ ಅವರಿಬ್ಬರು ಹೇಗೆ ದಿನ ಕಳೆದರೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ವಾರ್ಡಿಗೆ ತಂದ ದಿನ ಕೆಮ್ಮು ಶುರುವಾಯಿತು. ಎದೆಯ ಮೂಳೆ ಕೊಯ್ದು ತಂತಿಯಿಂದ ಕಟ್ಟಿದವರಿಗೆ ಕೆಮ್ಮು ಎಂದರೆ ಏನೆಂದು ಕೆಮ್ಮಿದವರಿಗೇ ಗೊತ್ತು. ಏನನ್ನಾದರೂ ಮೆತ್ತಗಿನದನ್ನು ಮಡಚಿ ಎದೆಗೆ ಬಿಗಿಯಾಗಿ ಒತ್ತಿ ಹಿಡಿದು ಕೆಮ್ಮಬೇಕು, ಕೆಮ್ಮದೆ ಇರಬಾರದು, ಕಫ ಹೊರಗೆ ಬರಬೇಕು. ನರ್ಸು ದಿಂಬು ಕೊಟ್ಟಳು. ಅದು ದೊಡ್ಡದಾಯಿತು, ಜಾರುತ್ತಿತ್ತು. ಟವೆಲ್ ಮಡಚಿ ಕೊಟ್ಟಳು. ಅದು ತೆಳ್ಳಗಾಯಿತು. "ಸಣ್ಣ ರಜಾಯಿ ಏನಾದರೂ ಇದೆಯಾ, ಅಜ್ಜಿ?" ಎಂದು ಅತ್ತೆಯನ್ನು ಹಿಂದಿಯಲ್ಲಿ ಕೇಳಿದಳು.

ಅತ್ತೆ ಸ್ಟೂಲಿನ ಮೇಲೆ ಹಾಗೇ ಕೂತಿದ್ದರು. ನನಗೆ ಮತ್ತೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅತ್ತೆ ಕೈಚೀಲದ ತಳಕ್ಕೆ ಕೈ ಹಾಕಿದರು. ಔಷಧಿಯ ಪೊಟ್ಟಣ, ಶಾಲು, ವಿಭೂತಿಯ ಡಬ್ಬಿ ಎಲ್ಲವನ್ನೂ ಸರಿಸಿ, ಕೆಳಗಿನಿಂದ ಆ ಕೌದಿಯನ್ನು ತೆಗೆದರು. ಅದನ್ನು ಅವರು ಮನೆಯಿಂದಲೇ ತಂದಿದ್ದರು. ಸ್ಕ್ಯಾನಿನಲ್ಲಿ ಏನಾದರೂ ಕಂಡೀತೆಂದು, ಕಂಡರೆ ಅಲ್ಲೇ ತೋರಿಸಬೇಕೆಂದು. ಆಮೇಲೆ ಅದನ್ನು ಎಲ್ಲಿ ಬಿಡಬೇಕೋ ತಿಳಿಯದೆ ಇಷ್ಟು ದಿನ ಹೊತ್ತುಕೊಂಡೇ ಇದ್ದರು.

ನಾಲ್ಕು ಮಡಿಕೆ ಮಾಡಿ ನನ್ನ ಎದೆಯ ಮೇಲಿಟ್ಟರು. ಸರಿಯಾಗಿ ಕೂತಿತು. ನನ್ನ ಎರಡೂ ಕೈಗಳನ್ನು ತಂದು ಅದರ ಮೇಲಿಟ್ಟು, ತಮ್ಮ ಕೈಯನ್ನೂ ಒತ್ತಿ ಹಿಡಿದು, "ಕೆಮ್ಮವಾ ಈಗ," ಎಂದರು. ನಾನು ಕೆಮ್ಮಿದೆ.

ಮನೆಗೆ ಬಂದು ವರ್ಷ ಕಳೆಯಿತು. ಈಗ ದಿನಾ ಮಾತ್ರೆ ನುಂಗುತ್ತೇನೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಪಾಲಕದಂಥ ಸೊಪ್ಪನ್ನು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ತಿನ್ನುವಂತಿಲ್ಲ. ಚಾಕು ಮುಟ್ಟುವಾಗ ಎಚ್ಚರ. ಮೆಟ್ಟಿಲು ಹತ್ತಬಲ್ಲೆ. ಮೊನ್ನೆ ಪಾಂಡವಲೇಣಿಗೆ ಹೋಗಿ ಗುಹೆಗಳನ್ನು ನೋಡಿಯೇ ಬಂದೆವು. ಮೇಲೆ ನಿಂತು ಇಡೀ ನಾಶಿಕ ಕಾಣುವಾಗ ನಮ್ಮವರು, "ಇದು ಮೊದಲನೇ ನಮೂನಿನೂ ಅಲ್ಲ, ಎರಡನೇದೂ ಅಲ್ಲ. ಇದನ್ನ ಬಿಚ್ಚೂದs ಬ್ಯಾಡ," ಎಂದರು. ಅದು ಪ್ರಾರ್ಥನೆಯೋ ತಾಂತ್ರಿಕ ಅಭಿಪ್ರಾಯವೋ ನನಗೆ ಗೊತ್ತಾಗಲಿಲ್ಲ.

ಮಾಲೇಗಾಂವಿನ ತಂಗೀ, ಯಾವುದನ್ನು ಹಾಕಿಸಿಕೋ ಎಂದು ನಾನು ಹೇಳಲಾರೆ. ಆಕಳದ್ದು ನನಗೆ ಎಂಟು ವರ್ಷ ಕೊಟ್ಟಿತು. ನಿನಗೆ ಹದಿನೈದು ಕೊಟ್ಟೀತು, ಮಡಿಲು ತುಂಬೀತು. ಹಾಗೇ ಆಗಲಿ. ನಾನು ಅದನ್ನು ಆರಿಸಿಕೊಂಡದ್ದಕ್ಕೆ ಮರುಗುವುದಿಲ್ಲ. ಆದರೆ ಯಾರಾದರೂ ನಿನಗೆ ಇದು ಬರೀ ಒಂದು ಬಿಡಿಭಾಗದ ವಿಷಯ ಎಂದರೆ ನಂಬಬೇಡ. ಅದರ ಜೊತೆಗೆ ಆಸೆಗೂ ಒಂದು ಆಯುಸ್ಸು ಕಟ್ಟುತ್ತಾರೆ. ಅದು ಸವೆಯುವ ಸದ್ದು ಎಕೋದಲ್ಲಿ ಕೇಳುವುದಿಲ್ಲ.

ಲೋಹದ ಕವಾಟಕ್ಕೆ ಸದ್ದಿದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಸುತ್ತ ಗದ್ದಲವಿಲ್ಲದಿದ್ದರೆ ಟಿಕ್ ಟಿಕ್ ಎಂದು ಪಕ್ಕದವರಿಗೂ ಕೇಳುತ್ತದೆ. ಮನೆಗೆ ಬಂದ ಮೊದಲ ವಾರ, ಒಂದು ಮಧ್ಯಾಹ್ನ, ನಾನು ಕೌದಿಯನ್ನು ಅಪ್ಪಿಕೊಂಡು ಒರಗಿ ಕೂತಿದ್ದೆ. ಅತ್ತೆ ಬಂದು ಟಿವಿ ಆರಿಸಿದರು. ಸೂಜಿ, ದಾರ ತಂದು ನನ್ನ ಕೈಗೆ ಕೊಟ್ಟರು, ಅವರ ಕಣ್ಣಿಗೆ ಈಗ ಪೋಣಿಸಲು ಆಗುವುದಿಲ್ಲ. ನಾನು ಪೋಣಿಸಿ ಕೊಟ್ಟೆ. ಕೌದಿಯನ್ನು ನನ್ನ ಎದೆಯಿಂದ ತೆಗೆಯದೆ, ಹಾಗೇ ಬಾಗಿ, ಹೊಲಿಯದೆ ಬಿಟ್ಟಿದ್ದ ಆ ಮೂಲೆಯನ್ನು ಹೊಲಿಯತೊಡಗಿದರು. ಅವರ ತಲೆ ನನ್ನ ಗಲ್ಲದ ಹತ್ತಿರವಿತ್ತು. ಮನೆ ನಿಶ್ಶಬ್ದವಾಗಿತ್ತು. ನಡುವೆ ಅವರ ಕೈ ನಿಂತಿತು.

"ಕೇಳಸ್ತೈತಿ," ಎಂದರು.

"ನಿಮಗೆ ತ್ರಾಸ ಆಗತೈತೇನ್ರಿ, ಅತ್ತಿ?"

"ಇಲ್ಲವಾ." ದಾರವನ್ನು ಹಲ್ಲಿನಿಂದ ಕಡಿದರು. "ಮನ್ಯಾಗ ಒಂದ್ ಸಪ್ಪಳ ಬೇಕಾಗಿತ್ತು ನನಗ. ಆತು."